ಕೊತ್ತಿಯ ಮೇಲೆ ಇಳಿಯುವ ಕೋಪ



ಇಪ್ಪತ್ತೆಂಟು ವರ್ಷ ನಾನು ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂತು ದುಡಿದವಳು. ಮೈಸೂರು, ಮಂಡ್ಯ, ಚಾಮರಾಜನಗರ ಜಿಲ್ಲೆಗಳ ಸಣ್ಣಪುಟ್ಟ ಊರುಗಳಲ್ಲೇ ನನ್ನ ನೌಕರಿ ಕಳೆಯಿತು. ಕೌಂಟರಿನ ಗಾಜಿಗೆ ಕೆಳಗಡೆ ಅರ್ಧಚಂದ್ರದ ಹಾಗೆ ಒಂದು ಕಿಂಡಿ ಇರುತ್ತದೆ. ದುಡ್ಡು ಒಳಗೆ ಬರುವುದೂ ಹೊರಗೆ ಹೋಗುವುದೂ ಆ ಕಿಂಡಿಯಲ್ಲೇ, ಮಾತು ಬರುವುದೂ ಅದರಲ್ಲೇ. ದುಡ್ಡಿನ ಲೆಕ್ಕ ತಪ್ಪಿದರೆ ಸಂಜೆ ಕ್ಯಾಶ್ ಟ್ಯಾಲಿ ಮಾಡುವಾಗ ಸಿಕ್ಕಿಬೀಳುತ್ತದೆ. ಮಾತಿಗೆ ಅಂಥ ಸಂಜೆಯ ಲೆಕ್ಕ ಇಲ್ಲ. ಗುರುತು ಪರಿಚಯ ಇಲ್ಲದವರು ಆಡುವ ಒರಟು ಮಾತನ್ನು ದಿನನಿತ್ಯ ಹೇಗೆ ತಾಳಿಕೊಳ್ಳುವುದು ಅನ್ನುವ ವಿಷಯ ಆರಿಸಿಕೊಂಡಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಕಿಂಡಿಯೇ.

ಆ ಕಿಂಡಿಯಲ್ಲಿ ನಾನು ಕೇಳಿಸಿಕೊಂಡ ಬಿರುಸು ಮಾತುಗಳನ್ನು ಒಟ್ಟು ಹಾಕಿದರೆ ನಾಲ್ಕೈದು ವಾಕ್ಯ ಆಗಬಹುದು, ಅಷ್ಟೇ. ‘ಏನ್ರೀ, ನಿದ್ದೆ ಮಾಡ್ತಿದ್ದೀರಾ?’ ‘ನಮ್ ದುಡ್ಡು ನಮಗೆ ಕೊಡೋಕೆ ಇಷ್ಟು ಹೊತ್ತಾ?’ ‘ಮೇಲಿನವರು ಯಾರಿದ್ದಾರೆ, ಕರೀರಿ ಅವರನ್ನ.’ ಆಡಿದವರಿಗೆ ಒಂದು ಗಳಿಗೆಯ ಕೆಲಸ. ಕೇಳಿಸಿಕೊಂಡವಳಿಗೆ ಮಧ್ಯಾಹ್ನದ ಊಟ ಗಂಟಲಲ್ಲಿ ಇಳಿಯುವುದಿಲ್ಲ. ರಾತ್ರಿ ದೀಪ ಆರಿಸಿದ ಮೇಲೆ, ಆಗ ಹೇಳಬೇಕಾಗಿದ್ದ ಉತ್ತರ ಈಗ ಹೊಳೆಯುತ್ತದೆ. ಅದನ್ನು ತಿದ್ದಿ ತೀಡಿ, ಕತ್ತಲಲ್ಲೇ ಮನಸ್ಸಿನೊಳಗೆ ಒಂದು ಸಲ ಆಡಿ, ಮತ್ತೆ ಹೊಸದಾಗಿ ಕಟ್ಟಿ, ಹೀಗೆ ಅರ್ಧ ರಾತ್ರಿ ಕಳೆದದ್ದಿದೆ. ಅಷ್ಟು ಹೊತ್ತಿಗೆ ಆ ಮನುಷ್ಯ ತನ್ನ ಮನೆಯಲ್ಲಿ ಗೊರಕೆ ಹೊಡೆಯುತ್ತಿರುತ್ತಾನೆ. ಬಸ್ಸಿನಲ್ಲಿ, ಆಸ್ಪತ್ರೆಯ ಚೀಟಿ ಸಾಲಿನಲ್ಲಿ, ಟ್ರಾಫಿಕ್ ಸಿಗ್ನಲಿನಲ್ಲಿ ಯಾರೋ ಅಂದ ಮಾತನ್ನು ಮನೆಗೆ ಹೊತ್ತುಕೊಂಡು ಬಂದವರಿಗೆಲ್ಲ ಈ ರಾತ್ರಿ ಗೊತ್ತು.

ನಮ್ಮ ಭಾಷೆಯಲ್ಲಿ ಒಬ್ಬರನ್ನು ನೋಯಿಸಲು ಬೈಗುಳವೇ ಬೇಕಾಗಿಲ್ಲ. ಕ್ರಿಯಾಪದದ ಬಾಲ ಕತ್ತರಿಸಿದರೆ ಸಾಕು. ‘ಬನ್ನಿ’ ಅನ್ನುವುದು ‘ಬಾ’ ಆದರೆ, ‘ಹೇಳಿ’ ಅನ್ನುವುದು ‘ಹೇಳು’ ಆದರೆ, ಎದುರಿನವರ ಮುಖದ ಬಣ್ಣ ಬದಲಾಗುತ್ತದೆ. ಬೀದಿಜಗಳಗಳು ಎಷ್ಟೋ ಸಲ ಶುರುವಾಗುವುದು ಗಾಡಿಗೆ ಗಾಡಿ ತಾಗಿದ್ದಕ್ಕಲ್ಲ, ‘ಏಕವಚನದಲ್ಲಿ ಮಾತಾಡ್ಬೇಡ’ ಅನ್ನುವಲ್ಲಿಂದ. ಹಾಗೆ ಹೇಳುವವರೂ ಏಕವಚನದಲ್ಲೇ ಹೇಳುತ್ತಾರೆ, ಅಲ್ಲಿಂದ ಮುಂದೆ ಕೈ ಕೈ ಮಿಲಾಯಿಸುವುದೊಂದೇ ಉಳಿದಿರುತ್ತದೆ.

ಆದರೆ ಏಕವಚನವೆಲ್ಲ ಒರಟುತನ ಅಲ್ಲ. ನಮ್ಮ ಶಾಖೆಗೆ ವಿಜಯಪುರದ ಕಡೆಯವರೊಬ್ಬರು ವರ್ಗವಾಗಿ ಬಂದರು. ‘ಏನ್ ಬೇಕಾಗಿತ್ತ್ರೀ? ಅಲ್ಲೇ ಕುಂದರ್ರಿ’ ಅಂತ ಗಟ್ಟಿ ದನಿಯಲ್ಲಿ ಅನ್ನುತ್ತಿದ್ದರು. ಪ್ರತಿ ಮಾತಿಗೂ ‘ರೀ’ ಹಚ್ಚುವ ಮನುಷ್ಯ, ಮರ್ಯಾದೆಯಲ್ಲಿ ಒಂದು ಕೂದಲೆಳೆಯಷ್ಟೂ ಕಡಿಮೆ ಮಾಡಿದವರಲ್ಲ. ನಮ್ಮ ಕಡೆಯ ಹಳ್ಳಿಯವರು ಹೊರಗೆ ಬಂದು, ‘ಆ ಹೊಸ ಸಾಹೇಬ್ರು ಬೈತಾರೆ’ ಅಂತ ಹೇಳಿಕೊಂಡರು. ಅತ್ತ ಆ ಸಾಹೇಬರಿಗೂ ನೋವು. ಇಲ್ಲಿಯ ಮುದುಕಿಯರು ಅವರನ್ನು ‘ಕೊಡಪ್ಪ, ಬೇಗ ಕೊಡು’ ಅಂತ ಮಗನಿಗೆ ಹೇಳುವ ಹಾಗೆ ಹೇಳುತ್ತಿದ್ದರು. ‘ರೀ’ ಇಲ್ಲದ ಮಾತು ಅವರಿಗೆ ಕಪಾಳಕ್ಕೆ ಹೊಡೆದ ಹಾಗೆ ಆಗುತ್ತಿತ್ತು. ಎರಡೂ ಕಡೆ ಒಳ್ಳೆಯವರೇ, ಎರಡೂ ಕಡೆಗೂ ಅವಮಾನ. ಇದು ಬಗೆಹರಿಯಲು ಎರಡು ತಿಂಗಳು ಹಿಡಿಯಿತು. ಹಾಗಾಗಿ ಪರ ಊರಿನವರ ಮಾತು ಕಿವಿಗೆ ಬಿರುಸಾಗಿ ಕೇಳಿದಾಗ ನಾನು ಮೊದಲು ನೋಡುವುದು ಅವರ ಮುಖವನ್ನು. ಮುಖ ಗಂಟಿಕ್ಕಿಲ್ಲದಿದ್ದರೆ ಅದು ಅವರ ಸೀಮೆಯ ದನಿ ಅಷ್ಟೇ.

ಇನ್ನೊಂದು ಏಕವಚನ ಇದೆ. ಹತ್ತು ವರ್ಷದ ಹುಡುಗ ಎಪ್ಪತ್ತು ವರ್ಷದ ಹಿರಿಯರನ್ನು, ಅವರು ಹುಟ್ಟಿದ ಕೇರಿಯ ಕಾರಣಕ್ಕೆ, ‘ಬಾರೋ ಇಲ್ಲಿ’ ಅಂತ ಕರೆಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದನ್ನು ಒರಟುತನ ಅಂತ ಕರೆದರೆ ಹಗುರ ಮಾಡಿದ ಹಾಗಾಗುತ್ತದೆ. ನಾಲ್ಕು ಜನರ ಕಣ್ಣೆದುರು ಪರಿಶಿಷ್ಟರನ್ನು ಬೇಕೆಂದೇ ಹೀಗೆ ಹೀನಾಯ ಮಾಡುವುದು 1989ರ ದೌರ್ಜನ್ಯ ತಡೆ ಕಾಯ್ದೆಯ ಪ್ರಕಾರ ಅಪರಾಧ. ಅದೇ ರೀತಿ, ಬಸ್ಸಿನಲ್ಲಿ ಹೆಣ್ಣುಮಗಳ ಕಿವಿಯ ಹತ್ತಿರ ಬಂದು ಆಡುವ ಹೊಲಸು ಮಾತೂ ಒರಟುತನ ಅಲ್ಲ. ಅಲ್ಲಿ ನಾನು ಯಾರಿಗೂ ತಾಳ್ಮೆಯ ಉಪದೇಶ ಮಾಡಲಾರೆ. ದನಿ ಎತ್ತಬೇಕು, ಅಕ್ಕಪಕ್ಕದವರನ್ನು ಕರೆಯಬೇಕು, 112ಕ್ಕೆ ಫೋನ್ ಮಾಡಬೇಕು. ಸುತ್ತ ಇರುವವರು ಕಿಟಕಿಯ ಹೊರಗೆ ನೋಡುತ್ತಾ ಕೂರಬಾರದು. ನಾನು ಇವತ್ತು ತಾಳಿಕೊಳ್ಳುವ ಮಾತು ಆಡುತ್ತಿರುವುದು ಇವೆರಡನ್ನೂ ಬಿಟ್ಟು ಉಳಿದ ದಿನನಿತ್ಯದ ಸಿಡುಕಿನ ಬಗ್ಗೆ.

ಈ ಸಿಡುಕಿನ ಬಗ್ಗೆ ನಾನು ಕಲಿತದ್ದೆಲ್ಲ ಒಂದು ವಾರದಲ್ಲಿ ಕಲಿತದ್ದು. 2016ರ ನವೆಂಬರ್. 8ನೇ ತಾರೀಖು ರಾತ್ರಿ 500 ಮತ್ತು 1000 ರೂಪಾಯಿ ನೋಟು ಇನ್ನು ಚಲಾವಣೆಯಲ್ಲಿ ಇಲ್ಲ ಅಂತಾಯಿತು. ಮಾರನೇ ದಿನ ಬ್ಯಾಂಕ್ ರಜಾ. 10ರಂದು ಬಾಗಿಲು ತೆಗೆದಾಗ ಸಾಲು ರಸ್ತೆಯ ತಿರುವು ದಾಟಿತ್ತು. ಹಳೇ ನೋಟು ಬದಲಾಯಿಸಿಕೊಳ್ಳಲು ಒಬ್ಬರಿಗೆ ಮೊದಲು 4000 ರೂಪಾಯಿ, ಆಮೇಲೆ 4500 ಅಂತ ಮಿತಿ. ಒಂದು ಫಾರಂ ತುಂಬಬೇಕು, ಗುರುತಿನ ಚೀಟಿಯ ನಕಲು ಲಗತ್ತಿಸಬೇಕು. ನಮ್ಮ ಹತ್ತಿರ ನೂರರ ನೋಟು ಮಧ್ಯಾಹ್ನದೊಳಗೆ ಖಾಲಿ. 2000ದ ಹೊಸ ನೋಟು ಕೊಟ್ಟರೆ ‘ಇದಕ್ಕೆ ಚಿಲ್ಲರೆ ಎಲ್ಲಿ ತರ್ಲಿ’ ಅಂತ ಅದನ್ನು ಕಿಂಡಿಯಲ್ಲಿ ವಾಪಸ್ ತಳ್ಳುತ್ತಿದ್ದರು. ನಿಯಮ ದಿನಕ್ಕೊಂದು ಬದಲಾಗುತ್ತಿತ್ತು. ಬೆಳಿಗ್ಗೆ ಹೇಳಿದ್ದನ್ನು ಸಂಜೆ ನಾವೇ ಅಲ್ಲಗಳೆಯಬೇಕು. ಬೈಗುಳ ಎಲ್ಲವೂ ಗಾಜಿನ ಈಚೆ ಕೂತವರಿಗೆ.

17ನೇ ತಾರೀಖು, ಗುರುವಾರ. ಇಸ್ತ್ರಿ ಮಾಡಿದ ಬಿಳಿ ಅಂಗಿಯ ಒಬ್ಬರು ಸಾಲು ಬಿಟ್ಟು ನೇರ ಕೌಂಟರಿಗೆ ಬಂದರು. ಖಾತೆಯಿಂದ ವಾರಕ್ಕೆ 24,000ಕ್ಕಿಂತ ಹೆಚ್ಚು ತೆಗೆಯುವ ಹಾಗಿರಲಿಲ್ಲ, ಅವರಿಗೆ ಅದರ ಐದು ಪಟ್ಟು ಬೇಕಾಗಿತ್ತು. ಆಗುವುದಿಲ್ಲ ಸಾರ್ ಅಂದೆ. ‘ನಿನ್ನನ್ನ ಯಾರು ಇಲ್ಲಿ ಕೂರಿಸಿದ್ದು? ನಾಳೆಯಿಂದ ಈ ಸೀಟಲ್ಲಿ ನೀನಿರಲ್ಲ, ನೋಡ್ತಿರು’ ಅಂದರು. ಅವರು ದೊಡ್ಡ ಗಿರಾಕಿ. ನಾನು ತಲೆ ತಗ್ಗಿಸಿ ಮುಂದಿನ ಕಟ್ಟು ಎಣಿಸಿದೆ. ಎಣಿಸುವಾಗ ಬೆರಳು ನಡುಗುತ್ತಿದ್ದವು, ಎರಡು ಸಲ ಲೆಕ್ಕ ತಪ್ಪಿತು.

ಅವರ ಹಿಂದೆ ನಿಂತಿದ್ದದ್ದು ಒಬ್ಬರು ಅಜ್ಜ. ಎಲೆ ಅಡಿಕೆ ಸಂಚಿಯ ಒಳ ಜೇಬಿನಿಂದ ಎಂಟು ಐನೂರರ ನೋಟು ತೆಗೆದರು. ನಾಲ್ಕು ಮಡಿಕೆ ಮಾಡಿ ಮಾಡಿ ಆ ನೋಟುಗಳ ನಡುವೆ ಶಿಲುಬೆಯ ಹಾಗೆ ಗೆರೆ ಬಿದ್ದಿತ್ತು, ಸುಣ್ಣ ಹೊಗೆಸೊಪ್ಪಿನ ವಾಸನೆ ಹೊಡೆಯುತ್ತಿತ್ತು. ಜೊತೆಗೆ ಖಾಲಿ ಫಾರಂ. ‘ಅವ್ವಾ, ಇದೊಂಚೂರು ಬರ್ಕೊಟ್ಬುಡವ್ವ’ ಅಂದರು.

‘ನಾನು ಬರ್ಕೊಂಡು ಕೂರೋಕಾ ಇರೋದು? ಹೋಗಯ್ಯ, ಬರ್ಸ್ಕೊಂಡು ಬಾ’ ಅಂದುಬಿಟ್ಟೆ.

ನನ್ನ ತಂದೆಗಿಂತ ಹಿರಿಯರು. ‘ಆಗ್ಲಿ ಕನವ್ವ’ ಅಂದು, ನೋಟುಗಳನ್ನು ಅದೇ ಮಡಿಕೆಯಲ್ಲಿ ಮಡಿಸಿ ಸಂಚಿಗೆ ಹಾಕಿಕೊಂಡು ಹೋದರು. ಆ ಜನಜಂಗುಳಿಯಲ್ಲಿ ಬರೆದುಕೊಡುವವರು ಸಿಗಲಿಲ್ಲವೋ, ಮತ್ತೆ ಸಾಲಿನ ಕೊನೆಗೆ ನಿಲ್ಲಲು ಕಾಲಲ್ಲಿ ಶಕ್ತಿ ಇರಲಿಲ್ಲವೋ, ಆ ದಿನ ಅವರು ತಿರುಗಿ ಬರಲಿಲ್ಲ.

ಅದೇ ದಿನ ಹೊಸ ಆದೇಶ ಬಂತು. 18ರಿಂದ ನೋಟು ಬದಲಾವಣೆಯ ಮಿತಿ 4500 ಅಲ್ಲ, 2000 ಮಾತ್ರ.

ಶುಕ್ರವಾರ ಅಜ್ಜ ಬಂದರು, ಜೊತೆಗೆ ಇಪ್ಪತ್ತರ ಆಸುಪಾಸಿನ ಮೊಮ್ಮಗ. ಗಾರೆ ಕೆಲಸದ ಹುಡುಗ, ಉಗುರಿನ ಸಂದಿಯಲ್ಲಿ ಸಿಮೆಂಟು. ಫಾರಂ ಅಚ್ಚುಕಟ್ಟಾಗಿ ತುಂಬಿತ್ತು. ಎರಡು ಸಾವಿರಕ್ಕೆ ಮಾತ್ರ ಬದಲಾವಣೆ ಅಂತ ನಾನು ಹೇಳುವುದೇ ತಡ, ಹುಡುಗ ಕಿಂಡಿಗೆ ಬಾಯಿಟ್ಟು ಕೂಗಿದ: ‘ನಿನ್ನೆ ನಮ್ ತಾತನ್ನ ಹೋಗಯ್ಯ ಅಂದೋರು ಯಾರ್ರೀ? ನೀವೇನಾ?’ ಇಡೀ ಶಾಖೆ ನನ್ನತ್ತ ತಿರುಗಿತು. ಸಾಲಿನಲ್ಲಿದ್ದವರೂ ದನಿ ಕೂಡಿಸಿದರು. ಅಜ್ಜ ಮಾತ್ರ ಅವನ ಅಂಗಿ ಜಗ್ಗುತ್ತಾ ‘ಬುಡ್ಲಾ, ಬುಡ್ಲಾ’ ಅನ್ನುತ್ತಿದ್ದರು.

ತಪ್ಪಾಯ್ತಪ್ಪ ಅಂದೆ. ಅಷ್ಟಕ್ಕೆ ಹುಡುಗ ಸುಮ್ಮನಾದ. ಆದರೆ ಉಳಿದ 2000ವನ್ನು ಅಜ್ಜ ತಮ್ಮ ಪಿಂಚಣಿ ಬರುವ ಖಾತೆಗೇ ತುಂಬಬೇಕಾಗಿತ್ತು. ಆ ಖಾತೆ ಇದ್ದದ್ದು ಬೇರೆ ಊರಿನಲ್ಲಿ. ಅಂದರೆ ಇನ್ನೊಂದು ಬಸ್ಸು, ಇನ್ನೊಂದು ಸಾಲು, ಆ ಹುಡುಗನಿಗೆ ಇನ್ನೊಂದು ದಿನದ ಕೂಲಿ ಖೋತಾ. ನನ್ನ ಎರಡು ಮಾತಿನ ಬೆಲೆ ಅದು. ನನ್ನ ಕ್ಷಮಾಪಣೆಯಿಂದ ಅದೇನೂ ಕಡಿಮೆ ಆಗಲಿಲ್ಲ.

ಮನೆಗೆ ಬಂದ ಮೇಲೂ ಒಂದು ವಿಷಯ ನನ್ನನ್ನು ಬಿಡಲಿಲ್ಲ. ಅಷ್ಟು ಸಿಟ್ಟಿನಲ್ಲೂ ಆ ಹುಡುಗ ‘ಯಾರ್ರೀ, ನೀವೇನಾ’ ಅಂದಿದ್ದ. ಬಹುವಚನ ಬಿಟ್ಟಿರಲಿಲ್ಲ. ಓದು, ನೌಕರಿ, ಗಾಜಿನ ಮರೆ ಎಲ್ಲ ಇದ್ದ ನಾನು ಬಿಟ್ಟಿದ್ದೆ.

‘ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ’ ಅನ್ನುವ ಗಾದೆ ನಮ್ಮೆಲ್ಲರಿಗೂ ಗೊತ್ತು. ಚಿಕ್ಕಂದಿನಲ್ಲಿ ಕೇಳಿ ನಕ್ಕಿದ್ದೇವೆ. ಆದರೆ ಆ ಗಾದೆಯಲ್ಲಿ ಕೊತ್ತಿಯೇ ಯಾಕೆ ಬಂತು ಅಂತ ನಾನು ಯೋಚಿಸಿದ್ದು ಆ ಶುಕ್ರವಾರ ರಾತ್ರಿ. ಅತ್ತೆಗೆ ತಿರುಗಿ ಹೇಳುವ ಹಾಗಿಲ್ಲ, ಕೊತ್ತಿ ತಿರುಗಿ ಹೇಳುವುದಿಲ್ಲ. ಬಿಳಿ ಅಂಗಿಯವರಿಗೆ ನಾನು ಚಕಾರ ಎತ್ತಲಿಲ್ಲ. ಅವರು ಕೊಟ್ಟದ್ದನ್ನು ಎರಡು ನಿಮಿಷವೂ ಇಟ್ಟುಕೊಳ್ಳದೆ ಅಜ್ಜನ ತಲೆಯ ಮೇಲೆ ಸುರಿದೆ. ಬಿರುಸು ಮಾತು ನೀರಿನ ಹಾಗೆ ಇಳಿಜಾರು ಹುಡುಕಿಕೊಂಡು ಹೋಗುತ್ತದೆ. ಅಪಾರ್ಟ್‌ಮೆಂಟಿನ ಸೆಕ್ಯುರಿಟಿ, ಊಟದ ಪೊಟ್ಟಣ ತರುವ ಹುಡುಗ, ಮನೆಗೆಲಸದವರು, ಆಸ್ಪತ್ರೆಯ ಆಯಾ ಇವರೆಲ್ಲ ದಿನಾ ಕೇಳಿಸಿಕೊಳ್ಳುವ ಮಾತಿನಲ್ಲಿ ಬಹುಪಾಲು ಅವರಿಗೆ ಸೇರಬೇಕಾದ್ದೇ ಅಲ್ಲ. ಎಲ್ಲೋ ಮೇಲೆ ಹುಟ್ಟಿ, ನಾಲ್ಕು ಬಾಯಿ ದಾಟಿ ಅಲ್ಲಿಗೆ ಬಂದು ನಿಂತಿರುತ್ತದೆ. ನನಗೆ ಬಂದ ಒರಟು ಮಾತನ್ನು ನಾನು ಹೇಗೆ ತಾಳಿಕೊಂಡೆ ಅನ್ನುವುದಕ್ಕಿಂತ, ಅದು ನನ್ನಿಂದ ಮುಂದಕ್ಕೆ ಯಾರಿಗೆ ಹೋಯಿತು ಅನ್ನುವುದೇ ದೊಡ್ಡ ಪ್ರಶ್ನೆ ಅಂತ ನನಗೆ ಅಂದಿನಿಂದ ಅನ್ನಿಸಿದೆ.

 ಮನಶ್ಶಾಸ್ತ್ರದ ಒಂದು ಪ್ರಯೋಗವನ್ನು ಇಲ್ಲಿ ಹೇಳಬೇಕು. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಡಾರ್ಲಿ ಮತ್ತು ಬ್ಯಾಟ್ಸನ್ ಎಂಬಿಬ್ಬರು ನಡೆಸಿ 1973ರಲ್ಲಿ ಪ್ರಕಟಿಸಿದ್ದು. ಪಾದ್ರಿಗಳಾಗಲು ಓದುತ್ತಿದ್ದ ವಿದ್ಯಾರ್ಥಿಗಳನ್ನು ಒಂದು ಕಟ್ಟಡದಿಂದ ಪಕ್ಕದ ಕಟ್ಟಡಕ್ಕೆ ಭಾಷಣ ಮಾಡಲು ಕಳಿಸಿದರು. ಕೆಲವರಿಗೆ ಬೇಕಾದಷ್ಟು ಸಮಯವಿದೆ ಅಂದರು, ಕೆಲವರಿಗೆ ಆಗಲೇ ತಡವಾಗಿದೆ, ಓಡಿ ಅಂದರು. ದಾರಿಯಲ್ಲಿ ಒಬ್ಬ ಮನುಷ್ಯ ಕುಸಿದು ಕೂತು ನರಳುತ್ತಿದ್ದ. ಸಮಯವಿದ್ದವರಲ್ಲಿ ನೂರಕ್ಕೆ 63 ಮಂದಿ ನಿಂತು ವಿಚಾರಿಸಿದರು. ತಡವಾಗಿದೆ ಅನ್ನಿಸಿಕೊಂಡವರಲ್ಲಿ ನಿಂತವರು ನೂರಕ್ಕೆ 10. ಒಟ್ಟು ವಿದ್ಯಾರ್ಥಿಗಳಲ್ಲಿ ಅರ್ಧದಷ್ಟು ಜನ ಹೊರಟಿದ್ದದ್ದು ದಾರಿಯಲ್ಲಿ ಬಿದ್ದವನನ್ನು ಎತ್ತಿ ಉಪಚರಿಸಿದ ಬೈಬಲ್ಲಿನ ದಯಾವಂತನ ಕಥೆಯ ಬಗ್ಗೆಯೇ ಮಾತಾಡಲು!

ನಿಲ್ಲದೆ ಹೋದವರು ಕೆಟ್ಟವರಾಗಿರಲಿಲ್ಲ, ಅವಸರದಲ್ಲಿದ್ದರು. ಇದನ್ನು ಓದಿದಾಗ ನನಗೆ ಸಂಜೆ ಮೂರೂವರೆಯ ಕೌಂಟರ್ ನೆನಪಾಯಿತು. ನಮ್ಮಲ್ಲಿ ಅತಿ ಹೆಚ್ಚು ರೇಗುತ್ತಿದ್ದವರು ದೂರದ ಹಳ್ಳಿಯವರು, ನಾಲ್ಕು ಗಂಟೆಯ ಬಸ್ಸು ತಪ್ಪಿದರೆ ರಾತ್ರಿ ಎಂಟರವರೆಗೆ ಬೇರೆ ಬಸ್ಸಿಲ್ಲದವರು. ಬಸ್ಸಿನ ವಿಷಯ ತಿಳಿದ ಮೇಲೆ ಅವರ ಕೂಗು ನನಗೆ ಬೇರೆ ರೀತಿ ಕೇಳತೊಡಗಿತು. ‘ಎಷ್ಟು ಗಂಟೆ ಬಸ್ಸು?’ ಅಂತ ಕೇಳಿದರೆ ಅರ್ಧ ಸಿಟ್ಟು ಅಲ್ಲೇ ಇಳಿಯುತ್ತಿತ್ತು.

ಹಾಗಂತ ಕೌಂಟರಿನಲ್ಲಿ ಕೂತವರು ಎಲ್ಲವನ್ನೂ ನಗುತ್ತಾ ನುಂಗಬೇಕು ಅಂತ ನಾನು ಹೇಳಲಾರೆ. ಆರ್ಲಿ ಹಾಕ್‌ಶೀಲ್ಡ್ ಅನ್ನುವ ಸಮಾಜಶಾಸ್ತ್ರಜ್ಞೆ 1983ರ ತಮ್ಮ ಪುಸ್ತಕದಲ್ಲಿ ವಿಮಾನದ ಪರಿಚಾರಕಿಯರ ಬಗ್ಗೆ ಬರೆಯುತ್ತಾ, ಸಂಬಳಕ್ಕಾಗಿ ನಗುವುದೂ ಮೂಟೆ ಹೊತ್ತ ಹಾಗೆ ಮನುಷ್ಯರನ್ನು ದಣಿಸುವ ದುಡಿಮೆ ಅಂತ ತೋರಿಸಿದರು. ಆ ದಣಿವು ನನಗೆ ಗೊತ್ತು. ಅದಕ್ಕೆ ಉಪಾಯ ಕಲಿಸಿದವರು ನನ್ನ ಹಿರಿಯ ಸಹೋದ್ಯೋಗಿಯೊಬ್ಬರು. ಎದುರಿನವರು ಎಷ್ಟೇ ಕೆಳಗಿಳಿದರೂ ಅವರು ‘ನೀವು’ ಬಿಡುತ್ತಿರಲಿಲ್ಲ, ನಗುತ್ತಲೂ ಇರಲಿಲ್ಲ. ‘ನಿಮ್ಮ ಕೆಲಸ ಏನು, ಹೇಳಿ’ ಅನ್ನುತ್ತಿದ್ದರು. ಬೈಗುಳ ಮುಗಿಯುವವರೆಗೆ ಕೈಯಲ್ಲಿ ಪೆನ್ನು ಹಿಡಿದು ಕಾದು, ಮತ್ತೆ ಅದೇ ದನಿಯಲ್ಲಿ ‘ನಿಮ್ಮ ಕೆಲಸ ಏನು, ಹೇಳಿ.’ ಮೂರನೇ ಸಲಕ್ಕೆ ಎಂಥವರೂ ಪಾಸ್‌ಬುಕ್ ಮುಂದಿಡುತ್ತಿದ್ದರು. ಆಮೇಲೆ ಈ ಸಹೋದ್ಯೋಗಿ ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬರುತ್ತಿದ್ದರು. ಆ ನೀರು ಕುಡಿಯುವ ಎರಡು ನಿಮಿಷ ಬಹಳ ದೊಡ್ಡದು. ಅಜ್ಜನ ಫಾರಂ ಕೈಗೆ ಬರುವ ಮೊದಲು ನಾನು ಎದ್ದು ಹೋಗಿ ನೀರು ಕುಡಿಯಬಹುದಾಗಿತ್ತು.

ಗಾಜಿನ ಆಚೆ ನಿಂತವರಿಗೂ ಒಂದು ಮಾತು. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು ಸಿಡುಕಿದಾಗ ನಾವು ಕುಗ್ಗುವುದು ನಮ್ಮ ಕೆಲಸ ಅವರ ಕೈಯಲ್ಲಿದೆ ಅನ್ನುವ ಭಯದಿಂದ. ಆ ಭಯಕ್ಕೆ ನಿಯಮ ತಿಳಿದುಕೊಳ್ಳುವುದೇ ಮದ್ದು. ನಮ್ಮ ರಾಜ್ಯದಲ್ಲಿ 2012ರ ಏಪ್ರಿಲ್‌ನಿಂದ ಸಕಾಲ ಯೋಜನೆ ಇದೆ. ಅದಕ್ಕೆ ಒಳಪಟ್ಟ ಸೇವೆಗೆ ಅರ್ಜಿ ಕೊಟ್ಟರೆ ಒಂದು ಸಂಖ್ಯೆ ಕೊಡಬೇಕು. ಗೊತ್ತುಪಡಿಸಿದ ದಿನದೊಳಗೆ ಕೆಲಸ ಆಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದ ಹಾಗೆ, ಅರ್ಜಿದಾರರಿಗೆ ಪರಿಹಾರ ಸಿಗುತ್ತದೆ. ಹಣ ದೊಡ್ಡದಲ್ಲ. ಆದರೆ ‘ಸಕಾಲ ನಂಬರ್ ಕೊಡಿ’ ಅಂತ ತಣ್ಣಗೆ ಕೇಳುವವರ ಬೆನ್ನು ನೆಟ್ಟಗಿರುತ್ತದೆ. ನಮ್ಮ ಬೀದಿಯ ಒಬ್ಬ ವಿಧವೆ ಹೆಣ್ಣುಮಗಳು ಒಂದು ಕಚೇರಿಗೆ ಮೂರು ಸಲ ಅಲೆದು ಅತ್ತುಕೊಂಡು ಬಂದಿದ್ದಳು. ನಾಲ್ಕನೇ ಸಲ ಈ ಮಾತು ಕಲಿತು ಹೋದಳು. ‘ಅದೇ ಮನುಷ್ಯ, ಅದೇ ಮುಖ, ಆದ್ರೆ ನಂಗೆ ಹೆದರಿಕೆ ಆಗ್ಲಿಲ್ಲ ಆಂಟಿ’ ಅಂದಳು.

ರಸ್ತೆಯ ಮೇಲಿನ ಒರಟುತನಕ್ಕೆ ನನ್ನ ಹತ್ತಿರ ಇರುವುದು ಒಂದೇ ಮಾತು: ಗಾಡಿ ನಿಲ್ಲಿಸಿ ಉತ್ತರ ಕೊಡಲು ಹೋಗಬೇಡಿ. ಕನ್ನಡಿ ತಾಗಿತು ಅನ್ನುವಷ್ಟಕ್ಕೆ ಶುರುವಾದ ಜಗಳ ಎಲ್ಲಿಗೆ ಮುಟ್ಟುತ್ತದೆ ಅಂತ ಪತ್ರಿಕೆಯಲ್ಲಿ ಓದುತ್ತಲೇ ಇದ್ದೇವೆ. ಬೆನ್ನು ಹತ್ತಿ ಬಂದರೆ ಜನ ಇರುವ ಪೆಟ್ರೋಲ್ ಬಂಕಿಗೋ ಪೊಲೀಸ್ ಠಾಣೆಗೋ ಗಾಡಿ ತಿರುಗಿಸಿ. ಮನೆಯ ಗಂಡುಮಕ್ಕಳಿಗೆ ಇದನ್ನು ಒಂದು ಸಲ ಅಲ್ಲ, ಹತ್ತು ಸಲ ಹೇಳಬೇಕು.

ಇನ್ನೊಂದು ಉಪಾಯ ನಮ್ಮ ಸೀಮೆಯಲ್ಲಿ ಹಿಂದಿನಿಂದ ಇದೆ. ಅದು ‘ಯಾವೂರು?’ ಅನ್ನುವ ಪ್ರಶ್ನೆ. ಪಟ್ಟಣದಲ್ಲಿ ಇದನ್ನು ಈಗ ಅಧಿಕಪ್ರಸಂಗ ಅಂದುಕೊಳ್ಳುತ್ತಾರೆ. ಕೇಳುವವರು ಜಾತಿ ತಿಳಿಯಲು ಕೇಳಿದರೆ ಅದು ಅಧಿಕಪ್ರಸಂಗವೇ ಸರಿ. ಆದರೆ ಊರು ತಿಳಿಯಲು ಕೇಳಿದಾಗ ಎದುರಿಗೆ ನಿಂತವರು ಅಪರಿಚಿತರಾಗಿ ಉಳಿಯುವುದಿಲ್ಲ. ಊರು ಗೊತ್ತಾದ ಮೇಲೆ ಮಳೆ ಬಂತಾ, ಕೆರೆ ತುಂಬಿತಾ ಅಂತ ಮಾತು ಬೆಳೆಯುತ್ತದೆ.

ಮೊನ್ನೆ ಬೆಳಿಗ್ಗೆ ತರಕಾರಿಗೆ ಹೋಗಿದ್ದೆ. ರಸ್ತೆ ದಾಟುವಾಗ ಸ್ಕೂಟರಿನ ಯುವಕನೊಬ್ಬ ಕಾಲಿನ ಪಕ್ಕದಲ್ಲೇ ಬ್ರೇಕ್ ಹಾಕಿ, ‘ಸಾಯೋಕೆ ನನ್ನ ಗಾಡೀನೇ ಬೇಕಿತ್ತಾ ಮುದ್ಕಿ’ ಅಂದು ಹೊರಟುಹೋದ. ನಾನು ದಾಟಿದ್ದು ಹಸಿರು ದೀಪ ನೋಡಿಕೊಂಡೇ. ಎದೆ ಹೊಡೆದುಕೊಳ್ಳುತ್ತಿತ್ತು, ಮುಖ ಬಿಸಿಯಾಗಿತ್ತು. ಹಾಗೇ ಹೋಗಿ ಗೋಣಿತಾಟು ಹಾಸಿ ಸೊಪ್ಪು ಮಾರುತ್ತಿದ್ದ ಹೆಂಗಸಿನ ಮುಂದೆ ನಿಂತೆ. ದಂಟಿನ ಕಟ್ಟು ಎಷ್ಟು ಅಂದೆ. ಇಪ್ಪತ್ತು ಅಂದಳು. ‘ಏನು, ಬಾಯಿಗೆ ಬಂದಿದ್ದು ಹೇಳ್ತೀಯಾ?’ ಅನ್ನುವ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಅದರ ದನಿ ನನಗೇ ಕೇಳಿಸಿತು. ಅದು ಸ್ಕೂಟರಿನವನ ದನಿ. ಚೀಲ ಕೆಳಗಿಟ್ಟು ಉಸಿರು ಬಿಟ್ಟೆ.

‘ಯಾವೂರು ತಾಯಿ?’ ಅಂದೆ.

‘ನಂಜನಗೂಡಿಂದ ಒಳಿಕ್ಕೆ ಕನಕ್ಕ. ನಾಕ್ ಗಂಟೆಗೇ ಎದ್ದು ಬಂದಿವ್ನಿ’ ಅಂದಳು. ಕೈ ಒದ್ದೆಯಿತ್ತು, ಬೆರಳ ತುದಿ ಸುಕ್ಕುಗಟ್ಟಿ ಬಿಳಿಚಿಕೊಂಡಿತ್ತು. ಅಲ್ಲಿ ಮಳೆ ಹೇಗೆ ಅಂತ ಕೇಳಿದೆ. ಈ ಸಲ ಸೊಪ್ಪಿಗೆ ನೀರು ಜಾಸ್ತಿಯಾಗಿ ಬೇರು ಕೊಳೆತವು ಅಂತ ಹೇಳುತ್ತಾ ಎರಡು ಕಟ್ಟು ಎತ್ತಿ, ಹಣ್ಣೆಲೆ ಕಿತ್ತು ಹಾಕಿ, ಬೇರಿನ ಮಣ್ಣು ಒದರಿ ನನ್ನ ಚೀಲಕ್ಕೆ ಹಾಕಿದಳು.